ತಾರಸಿಯ ಮೇಲೊಂದು ಬಾಡಿಗೆ ಮನೆ: ಲೆಕ್ಕ ತಪ್ಪುವುದೆಲ್ಲಿ?

ಬೆಂಗಳೂರು: ಮೂವತ್ತು-ನಲವತ್ತರ ನಿವೇಶನ, ನೆಲಮಹಡಿಯಲ್ಲಿ ಸ್ವಂತ ವಾಸ, ಮೇಲೆ ಬಾಡಿಗೆಗೆ ಎರಡು ಮನೆ. ರಾಜಧಾನಿಯ ಮಧ್ಯಮ ವರ್ಗದ ಗೃಹಸ್ಥನ ಆರ್ಥಿಕ ಕನಸು ದಶಕಗಳಿಂದ ಈ ನಕ್ಷೆಯಲ್ಲೇ ಇದೆ. ನಿವೃತ್ತಿಯ ಹಣ ಕೈಗೆ ಬಂದೊಡನೆ ಷೇರು ಪೇಟೆಯತ್ತ ನೋಡದೆ ಮೇಸ್ತ್ರಿಯನ್ನು ಕರೆಸುವವರೇ ಇಲ್ಲಿ ಹೆಚ್ಚು. ಹೊಸ ನಿವೇಶನ ಕೊಳ್ಳುವ ಶಕ್ತಿ ಇಲ್ಲದವನಿಗೆ ಇರುವ ಮನೆಯ ತಾರಸಿಯೇ ಬಂಡವಾಳ. ಭೂಮಿಗೆ ಹೊಸದಾಗಿ ಹಣ ಹಾಕಬೇಕಿಲ್ಲ ಎಂಬುದೇ ಈ ಹೂಡಿಕೆಯ ದೊಡ್ಡ ಆಕರ್ಷಣೆ.

ಆದರೆ ಕಳೆದ ಎರಡು-ಮೂರು ವರ್ಷಗಳಲ್ಲಿ ಕಾನೂನು, ನೀರು ಮತ್ತು ಸಾಲ ಈ ಮೂರರ ಸ್ವರೂಪವೂ ಬದಲಾಗಿದೆ. ಹಳೆಯ ಲೆಕ್ಕವನ್ನೇ ನಂಬಿ ಕಬ್ಬಿಣ, ಸಿಮೆಂಟ್ ಇಳಿಸಿಕೊಳ್ಳುವವರು ಈ ಬದಲಾವಣೆಯನ್ನು ಅರಿಯುವುದು ಅಗತ್ಯ.

ಅಂಕಿಗಳು ಹೇಳುವುದೇನು?

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಮೊದಲ ಮಹಡಿಯಲ್ಲಿ ಒಂದೇ ಮಲಗುವ ಕೋಣೆಯ ಎರಡು ಮನೆ ಕಟ್ಟಲು 20 ಲಕ್ಷ ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ. ಕೈಯಿಂದ 5 ಲಕ್ಷ, ಉಳಿದ 15 ಲಕ್ಷ ಬ್ಯಾಂಕ್ ಸಾಲ. ಶೇ. 9ರ ಬಡ್ಡಿಯಲ್ಲಿ 15 ವರ್ಷದ ಸಾಲಕ್ಕೆ ಮಾಸಿಕ ಕಂತು ಸುಮಾರು 15,200 ರೂಪಾಯಿ. ತಲಾ 11 ಸಾವಿರದಂತೆ ಎರಡು ಮನೆಗಳಿಂದ ತಿಂಗಳಿಗೆ 22 ಸಾವಿರ ಬಾಡಿಗೆ. ಮೇಲ್ನೋಟಕ್ಕೆ ತಿಂಗಳಿಗೆ 6,800 ರೂಪಾಯಿ ಉಳಿತಾಯ.

ವಾಸ್ತವ ಹೀಗಿರುವುದಿಲ್ಲ. ಬಾಡಿಗೆದಾರರು ಬದಲಾಗುವಾಗ ವರ್ಷಕ್ಕೊಂದು ತಿಂಗಳು ಮನೆ ಖಾಲಿ ಉಳಿದರೆ 22 ಸಾವಿರ ಕೈಬಿಡುತ್ತದೆ. ಆಸ್ತಿ ತೆರಿಗೆ, ಸುಣ್ಣಬಣ್ಣ, ಮೋಟಾರು ದುರಸ್ತಿ ಎಂದು 30 ಸಾವಿರ ಹೋದರೆ ವರ್ಷಕ್ಕೆ ಉಳಿಯುವುದು 2.12 ಲಕ್ಷ. ಅದರಲ್ಲಿ ಕಂತಿಗೇ 1.82 ಲಕ್ಷ ಸಲ್ಲಬೇಕು. ಕೊನೆಗೆ ಕೈಯಲ್ಲಿ ನಿಲ್ಲುವುದು ಸುಮಾರು 30 ಸಾವಿರ ಮಾತ್ರ. ಕೈಯಿಂದ ಹಾಕಿದ 5 ಲಕ್ಷವನ್ನು ಶೇ. 6.5ರ ನಿಶ್ಚಿತ ಠೇವಣಿಯಲ್ಲಿ ಇಟ್ಟಿದ್ದರೆ 32,500 ರೂಪಾಯಿ ಬರುತ್ತಿತ್ತು. ಒಂದು ಮನೆ ಇನ್ನೂ ಮೂರು ತಿಂಗಳು ಖಾಲಿ ಬಿದ್ದರೆ ಇರುವ ಉಳಿತಾಯವೂ ಇಲ್ಲ.

ಹಾಗೆಂದು ಈ ಹೂಡಿಕೆ ನಷ್ಟದ್ದೆಂದು ಅರ್ಥವಲ್ಲ. ಬಾಡಿಗೆ ವರ್ಷದಿಂದ ವರ್ಷಕ್ಕೆ ಏರುತ್ತದೆ, ಕಂತು ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ. ಸಾಲ ತೀರಿದ ಮೇಲೆ ಪೂರ್ಣ ಬಾಡಿಗೆ ಮಾಲೀಕನದೇ. ಆದರೆ ಮೊದಲ ಐದಾರು ವರ್ಷ ಈ ಮನೆ ಮಾಲೀಕನನ್ನು ಸಾಕುವುದಿಲ್ಲ, ಮಾಲೀಕನೇ ಮನೆಯನ್ನು ಸಾಕಬೇಕಾಗುತ್ತದೆ. ಬೇರೆ ಆದಾಯವಿಲ್ಲದ ನಿವೃತ್ತರು ಎಡವುವುದು ಇಲ್ಲಿಯೇ.

ಮುಂಗಡವೂ ಸಾಲವೇ

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಪಡೆಯುವುದು ಬೆಂಗಳೂರಿನ ಹಳೆಯ ರೂಢಿ. ಕಾಮಗಾರಿಯ ಕೊನೆಯ ಹಂತದಲ್ಲಿ ಕಿಟಕಿ, ಬಾಗಿಲು, ಬಣ್ಣಕ್ಕೆ ಈ ಹಣವನ್ನೇ ಬಳಸುವವರು ಅನೇಕ. ಮೇಲಿನ ಉದಾಹರಣೆಯಲ್ಲಿ ಒಂದು ಮನೆಯ ಮುಂಗಡ 1.10 ಲಕ್ಷ, ಅಂದರೆ ಹೆಚ್ಚು ಕಡಿಮೆ ನಾಲ್ಕು ವರ್ಷದ ಉಳಿತಾಯ. ಬಾಡಿಗೆದಾರ ಮನೆ ಬಿಡುವ ದಿನ ಅದು ಕೈಯಲ್ಲಿರದಿದ್ದರೆ ಜಗಳ ಖಚಿತ. ದೊಡ್ಡ ಮೊತ್ತ ಪಡೆದು ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಡುವ ಭೋಗ್ಯದ ಪದ್ಧತಿಯಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಸೀಮಿತಗೊಳಿಸುತ್ತದೆ. ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಆದರೂ ಹತ್ತು ತಿಂಗಳ ಮುಂಗಡವನ್ನೇ ನಂಬಿ ಯೋಜನೆ ರೂಪಿಸುವುದು ಜಾಣತನವಲ್ಲ.

ಕಾಗದಪತ್ರದ ಕಟ್ಟುನಿಟ್ಟು

ಮಂಜೂರಾದ ನಕ್ಷೆ ಮೀರಿ ಮಹಡಿ ಏರಿಸಿ, ಮುಂದೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದೆಂಬ ಭರವಸೆ ನಗರದಲ್ಲಿ ಬಹುಕಾಲ ಉಳಿದಿತ್ತು. ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳು ಆ ಪತ್ರ ಪರಿಶೀಲಿಸಿಯೇ ಸಾಲ ನೀಡಬೇಕು ಎಂದು ನಿರ್ದೇಶಿಸಿತು. ಇದರಿಂದ ಕಟ್ಟಿ ಮುಗಿಸಿದ ಮನೆಗಳೂ ವಿದ್ಯುತ್ ಮೀಟರಿಗಾಗಿ ಕಾಯಬೇಕಾದ ಸ್ಥಿತಿ ಉಂಟಾಯಿತು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಅಂತಸ್ತಿನ ವಾಸದ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿ ನೀಡಲು ನಿರ್ಧರಿಸಿತು. ಸಣ್ಣ ಮಾಲೀಕರಿಗೆ ಇದು ನಿರಾಳ. ಆದರೆ ಈ ವಿನಾಯಿತಿ ನಕ್ಷೆಯ ಮಂಜೂರಾತಿಗೆ ಪರ್ಯಾಯವಲ್ಲ.

ಪಾಯದ ಪ್ರಶ್ನೆಯೂ ಕಾಗದದಷ್ಟೇ ಮುಖ್ಯ. ಒಂದೇ ಅಂತಸ್ತಿಗೆಂದು ಹಾಕಿದ ಪಾಯದ ಮೇಲೆ ಮತ್ತೆರಡು ಹೊರೆ ಹೇರುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರ್ ತಪಾಸಣೆ ಆಗಲೇಬೇಕು. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡ ದುರಂತ ನಗರಕ್ಕೆ ಎಚ್ಚರಿಕೆಯಾಗಿತ್ತು.

ನೀರು, ತೆರಿಗೆ, ಕರಾರು

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಬಾಡಿಗೆ ಮನೆಗಳ ನಿಜವಾದ ಬೆಲೆ ನಿರ್ಧರಿಸಿದ್ದು ಸಂಪಿನಲ್ಲಿದ್ದ ನೀರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಯೋಜನೆ ಬಳಕೆಗೆ ಬಂತು. ಬೀದಿಗೆ ಕೊಳವೆ ಬಂದಿದೆಯೇ, ಮನೆಗೆ ಸಂಪರ್ಕ ಸಿಕ್ಕಿದೆಯೇ ಎಂಬುದನ್ನು ನೋಡದೆ ಇನ್ನೆರಡು ಸಂಸಾರಗಳನ್ನು ಕೂಡಿಸಿದರೆ ಟ್ಯಾಂಕರ್ ವೆಚ್ಚವೇ ಬಾಡಿಗೆಯನ್ನು ನುಂಗುತ್ತದೆ. ಪ್ರತಿ ಮನೆಗೂ ಪ್ರತ್ಯೇಕ ವಿದ್ಯುತ್ ಮೀಟರ್ ಇರುವುದು ಒಳಿತು. ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುವುದರಿಂದ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ಬೆಂಗಳೂರಿನಲ್ಲಿ 2008ರಿಂದ ಬಂದ ಸ್ವಯಂಘೋಷಿತ ಆಸ್ತಿ ತೆರಿಗೆ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಭಾಗದ ದರ ಸ್ವಂತ ವಾಸದ ಭಾಗದ ಎರಡರಷ್ಟು. ಇಡೀ ಮನೆಯನ್ನು ಸ್ವಂತ ವಾಸವೆಂದು ತೋರಿಸಿದವರಿಗೆ ಮುಂದೆ ವ್ಯತ್ಯಾಸದ ಹಣ, ಬಡ್ಡಿ, ದಂಡದ ನೋಟಿಸು ತಪ್ಪಿದ್ದಲ್ಲ. ಆದಾಯ ತೆರಿಗೆಯಲ್ಲಿ, ಪಾವತಿಸಿದ ಆಸ್ತಿ ತೆರಿಗೆ ಕಳೆದ ಮೇಲಿನ ಬಾಡಿಗೆಗೆ ಶೇ. 30ರ ಕಡಿತ ಮತ್ತು ಸಾಲದ ಬಡ್ಡಿಯ ಕಡಿತ ದೊರೆಯುತ್ತದೆ. ಹೊಸ ತೆರಿಗೆ ಪದ್ಧತಿ ಆಯ್ದವರು ಮನೆಯ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯುವಂತಿಲ್ಲ ಎಂಬುದು ಗಮನಾರ್ಹ.

ಇನ್ನು ಕರಾರು. ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಲ್ಲಿ ಮಾಸಿಕ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸದು. ಹೀಗಾಗಿ ಇಂದಿನ ಬಹುತೇಕ ಮನೆಗಳ ವ್ಯಾಜ್ಯ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಅಲ್ಲಿ ನಿಲ್ಲುವುದು ಕರಾರಿನಲ್ಲಿ ಬರೆದ ಮಾತು ಮಾತ್ರ. ಬಾಡಿಗೆ ಏರಿಕೆ, ತೆರವಿನ ಅವಧಿ, ಬಣ್ಣದ ಖರ್ಚು, ನೀರಿನ ಹಂಚಿಕೆ ಇವೆಲ್ಲ ಸ್ಪಷ್ಟವಾಗಿ ದಾಖಲಾಗದ ಹನ್ನೊಂದು ತಿಂಗಳ ಮುದ್ರಿತ ಪತ್ರದಿಂದ ಎರಡೂ ಕಡೆಯವರಿಗೆ ರಕ್ಷಣೆ ಇಲ್ಲ.

ಮೊದಲು ನಕ್ಷೆ, ಆಮೇಲೆ ಪಾಯ, ನಂತರ ನೀರು, ಕೊನೆಗೆ ಸಾಲ. ಈ ಅನುಕ್ರಮ ಪಾಲಿಸಿ, ಆರು ತಿಂಗಳ ಕಂತು ಮತ್ತು ಪಡೆದ ಮುಂಗಡವನ್ನು ಮುಟ್ಟದೆ ತೆಗೆದಿಟ್ಟವರಿಗೆ ತಾರಸಿಯ ಮನೆ ಮುಪ್ಪಿನ ಆಸರೆಯಾಗಬಲ್ಲದು. ಅನುಕ್ರಮ ತಲೆಕೆಳಗಾದರೆ ನೆಲಮಹಡಿಯ ಸ್ವಂತ ಮನೆಯೂ ಅಡಮಾನದಲ್ಲಿ ಸಿಕ್ಕಿಬೀಳುವ ಅಪಾಯವಿದೆ.