ಹೊಗೆಗೆ ಕಾನೂನುಂಟು, ಕಣ್ಣಿಗೆ?

ದೀಪಾವಳಿ ಬಂತೆಂದರೆ ಪತ್ರಿಕೆಗಳಲ್ಲಿ ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆಯ ಚಿತ್ರವೊಂದು ಇದ್ದೇ ಇರುತ್ತದೆ. ಮಿಂಟೊ, ನಾರಾಯಣ ನೇತ್ರಾಲಯಗಳು ಕೊಡುವ ಪಟಾಕಿ ಗಾಯಾಳುಗಳ ಲೆಕ್ಕವೇ ನಮ್ಮ ಪಾಲಿಗೆ ರಾಜ್ಯದ ಲೆಕ್ಕವೂ ಆಗಿಬಿಡುತ್ತದೆ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾದವರು ಅದರಲ್ಲಿ ಸೇರುವುದಿಲ್ಲ. ಅವರು ಮಣಿಪಾಲಕ್ಕೋ ಕಾರವಾರಕ್ಕೋ ಹುಬ್ಬಳ್ಳಿಗೋ ಹೋಗಿ ಅಲ್ಲಲ್ಲಿನ ದಾಖಲೆಗಳಲ್ಲಿ ಚದುರಿಹೋಗುತ್ತಾರೆ.

ಪಟಾಕಿಗೆ ಕಾನೂನಿಲ್ಲವೆಂದಲ್ಲ. 2015ರಲ್ಲಿ ದೆಹಲಿಯ ಮೂವರು ಹಸುಗೂಸುಗಳ ಹೆಸರಿನಲ್ಲಿ ದಾಖಲಾದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಆದೇಶ ಕೊಟ್ಟಿತು. ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಸಿಡಿಸಬೇಕು, ಬೇರಿಯಂ ಕೂಡದು, ಸರಪಟಾಕಿ ಕೂಡದು. ಅರ್ಜಿ ಹುಟ್ಟಿದ್ದು ಎಳೆಯ ಶ್ವಾಸಕೋಶಗಳ ಚಿಂತೆಯಿಂದ. ಆಮೇಲೆ ಬಂದ ‘ಹಸಿರು ಪಟಾಕಿ’ ಕೂಡ ದೂಳಿನ ಕಣಗಳನ್ನು ಸುಮಾರು ಶೇ 30ರಷ್ಟು ಕಡಿಮೆ ಮಾಡುತ್ತದೆಯೇ ಹೊರತು ಕಿಡಿಯ ಬಿಸಿಯನ್ನಲ್ಲ. ಸುರುಸುರುಬತ್ತಿಯ ತುದಿ ಸಾವಿರ ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಅದನ್ನೇ ನಾವು ಮೂರು ವರ್ಷದ ಕೂಸಿನ ಕೈಗೆ ಕೊಟ್ಟು ಫೋಟೊ ತೆಗೆಯುತ್ತೇವೆ. ಪೊಟ್ಟಣದ ಮೇಲಿನ ಹಸಿರು ಚಿಹ್ನೆ ಕಂಡು ಅಪ್ಪ ಅಮ್ಮ ನಿರಾಳರಾಗುತ್ತಾರೆ. ಇದು ನನಗೆ ತೀರಾ ಆತಂಕದ ಸಂಗತಿ.

ಪಟಾಕಿಯಿಂದಾದ ಕಣ್ಣಿನ ಗಾಯಗಳ ಕುರಿತು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೆದರ್ಲೆಂಡ್ಸ್‌ನ ವೈದ್ಯರು 2010ರಲ್ಲಿ ಒಂದು ಪರಾಮರ್ಶೆ ಪ್ರಕಟಿಸಿದರು. ಗಾಯಗೊಂಡವರಲ್ಲಿ ಹೆಚ್ಚಿನವರು ಹುಡುಗರು, ಯುವಕರು. ಅರ್ಧದ ಹತ್ತಿರ ಮಂದಿ ಪಟಾಕಿ ಹಚ್ಚಿದವರೇ ಅಲ್ಲ, ಸುಮ್ಮನೆ ನೋಡುತ್ತ ನಿಂತವರು. ಸುಮಾರು ಆರರಲ್ಲಿ ಒಬ್ಬರ ದೃಷ್ಟಿ ಬಹುಪಾಲು ಹೋಗಿತ್ತು. ಹಾಗಿದ್ದರೆ ‘ಹಚ್ಚುವಾಗ ಎಚ್ಚರವಿರಲಿ’ ಎಂಬ ಕರಪತ್ರ ಅರ್ಧ ಜನರಿಗೆ ಸಂಬಂಧಿಸಿದ್ದೇ ಅಲ್ಲ. ಬೇಕಾಗಿರುವುದು ಜಾಗ. ಪ್ರತಿ ಕೇರಿಗೊಂದು ಬಯಲು, ನೋಡುವವರು ಹಿಂದೆ ನಿಲ್ಲಲು ಒಂದು ಹಗ್ಗ. ಪಟ್ಟಣ ಪಂಚಾಯಿತಿ, ಪುರಸಭೆಗಳಿಗೆ ಇದು ದೊಡ್ಡ ಖರ್ಚಿನ ಮಾತಲ್ಲ.

ಕರಾವಳಿಗೆ ತನ್ನದೇ ಅಪಾಯಗಳಿವೆ. ಮಳೆ ಪೂರ್ತಿ ಹಿಂದೆ ಸರಿಯುವ ಮೊದಲೇ ಹಬ್ಬ ಬರುವುದುಂಟು. ತೇವ ಹಿಡಿದ ಪಟಾಕಿ ಟುಸ್ ಎಂದು ಸುಮ್ಮನಾಗುತ್ತದೆ, ಹುಡುಗ ಬಗ್ಗಿ ನೋಡುವ ಹೊತ್ತಿಗೆ ಸಿಡಿಯುತ್ತದೆ. ತೆಂಗಿನ ನಾಡಿನಲ್ಲಿ ಗೆರಟೆಗೇನು ಬರ? ಅದನ್ನು ಪಟಾಕಿಯ ಮೇಲೆ ಬೋರಲು ಹಾಕಿದರೆ ಚೂರುಗಳು ಹಾರುವುದು ಮುಖದ ಎತ್ತರಕ್ಕೇ. ದೀಪಾವಳಿ ಮುಗಿದರೂ ಕಾರ್ತಿಕ ದೀಪೋತ್ಸವ, ತೇರು, ಬಂಡಿಹಬ್ಬ, ಚುನಾವಣೆಯ ಗೆಲುವು ಎಂದು ಸಿಡಿಮದ್ದಿಗೆ ನೆಪಗಳು ಮುಗಿಯುವುದಿಲ್ಲ. ಇನ್ನೊಂದು ಹೊಸ ಭಯ ಕಾರ್ಬೈಡ್ ಕೋವಿಯದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಮಂದಿಯ ಕಣ್ಣು ಇದರಿಂದ ಗಾಯಗೊಂಡಿತು, ಹೆಚ್ಚಿನವರು ಮಕ್ಕಳು. ಪಿವಿಸಿ ಪೈಪಿನೊಳಗೆ ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ತಾಗಿದರೆ ಅಸಿಟಿಲಿನ್ ಅನಿಲ ಹುಟ್ಟುತ್ತದೆ, ಉಳಿಯುವುದು ಕ್ಷಾರ. ಸಿಡಿಯಲಿಲ್ಲವೆಂದು ಪೈಪಿನೊಳಗೆ ಇಣುಕಿದವರಿಗೆ ಸುಟ್ಟ ಗಾಯವೂ ಆಯಿತು, ಕ್ಷಾರವೂ ತಾಗಿತು. ಮಂಗ ಓಡಿಸಲು ಅಡಿಕೆ ತೋಟಗಳಲ್ಲಿ ಬಳಸುವ ಸಾಧನ ಅಂಗಳದ ಆಟಿಕೆಯಾಗಲು ಮೊಬೈಲಿನ ಒಂದು ವಿಡಿಯೊ ಸಾಕು.

ಗಾಯವಾದ ಮೇಲೆ ನಮ್ಮ ನಿಜವಾದ ಕಷ್ಟ ಶುರು. ಕಣ್ಣಿನ ವೈದ್ಯರೇ ಇಲ್ಲವೆಂದಲ್ಲ. ಕುಮಟಾದಲ್ಲಿ ಲಯನ್ಸ್ ಕಣ್ಣಿನ ಆಸ್ಪತ್ರೆಯೇ ಇದೆ. ಆದರೆ ಹಗಲಿನಲ್ಲಿ ಪೊರೆ ತೆಗೆಯುವುದು ಬೇರೆ, ಹಬ್ಬದ ರಾತ್ರಿ ಹರಿದ ಕಣ್ಣುಗುಡ್ಡೆಗೆ ಹೊಲಿಗೆ ಹಾಕುವುದು ಬೇರೆ. ಮಗುವಾದರಂತೂ ಪೂರ್ಣ ಅರಿವಳಿಕೆ ಬೇಕು. 24 ಗಂಟೆ ದಾಟಿದರೆ ಒಳಗೆ ಕೀವಾಗುವ ಅಪಾಯ ಏರುತ್ತದೆ. ಮಣಿಪಾಲ ಭಟ್ಕಳದಿಂದ ಸುಮಾರು 90 ಕಿ.ಮೀ., ಕುಮಟಾದಿಂದ 145ರ ಆಸುಪಾಸು. ಮಣಿಪಾಲಕ್ಕೆ ಹೋಗುವ ಈ ಹೆದ್ದಾರಿಯಲ್ಲೇ, ಶಿರೂರು ಟೋಲ್ ಬಳಿ, 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಗುಚಿ ನಾಲ್ವರು ಸತ್ತರು. ನಮ್ಮ ಜಿಲ್ಲೆಗೊಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಮುಗಿಲು ಮುಟ್ಟಿತ್ತು.

ಆ ಆಸ್ಪತ್ರೆಗಾಗಿ ಕಾಯುತ್ತ ಕೂರದೆ ಮಾಡಬಹುದಾದದ್ದೂ ಇದೆ. ದೀಪಾವಳಿಯ ನಾಲ್ಕು ರಾತ್ರಿ ಮೂರೂ ತಾಲ್ಲೂಕುಗಳಿಗೆ ಸೇರಿ ಒಬ್ಬ ನೇತ್ರ ಶಸ್ತ್ರಚಿಕಿತ್ಸಕ, ಒಬ್ಬ ಅರಿವಳಿಕೆ ತಜ್ಞ ಕರೆದಾಗ ಬರುವಂತಿರಲಿ. ಪ್ರಥಮ ಚಿಕಿತ್ಸೆಯೂ ಜನರಿಗೆ ತಿಳಿದಿರಲಿ: ಕಣ್ಣಿಗೆ ಸುಣ್ಣ, ಕಾರ್ಬೈಡ್ ಬಿದ್ದರೆ ಅರ್ಧ ಗಂಟೆ ನೀರಿನಿಂದ ತೊಳೆಯಬೇಕು. ಗುಡ್ಡೆ ಹರಿದಿದ್ದರೆ ತೊಳೆಯಬಾರದು, ಒತ್ತಬಾರದು, ಚುಚ್ಚಿದ್ದನ್ನು ಕೀಳಬಾರದು, ಪೇಪರ್ ಲೋಟದ ತಳವನ್ನು ಒತ್ತದಂತೆ ಮುಚ್ಚಿ ಹೊರಡಬೇಕು. ಎದೆಹಾಲು, ಹರಳೆಣ್ಣೆ ಯಾವುದಕ್ಕೂ ಬೇಡ. ಇಷ್ಟನ್ನು, ಆ ವೈದ್ಯರ ಫೋನ್ ಸಂಖ್ಯೆಯ ಜತೆ, ಪ್ರತಿ ಪಟಾಕಿ ಮಳಿಗೆಯ ಮುಂದೆ ತೂಗುಹಾಕುವುದನ್ನು ತಾತ್ಕಾಲಿಕ ಪರವಾನಗಿಯ ಷರತ್ತಾಗಿಸಲು ಜಿಲ್ಲಾಡಳಿತಕ್ಕೆ ಒಂದು ಸುತ್ತೋಲೆ ಸಾಕು. ಮಣಿಪಾಲ, ಹುಬ್ಬಳ್ಳಿಗೆ ಹೋದ ಗಾಯಾಳುಗಳ ಊರಿನ ಹೆಸರನ್ನು ಆಸ್ಪತ್ರೆಗಳಿಂದ ತರಿಸಿ ತಾಲ್ಲೂಕುವಾರು ಪಟ್ಟಿ ಮಾಡುವ ಕೆಲಸವೂ ಈ ವರ್ಷವೇ ಶುರುವಾಗಲಿ.