ಟೀ ಸೊಪ್ಪಿನ ಗುಳಿಗೆ, ಸಂಜೆ ಕಾಫಿ

ನಮ್ಮ ಹೊಳೆನರಸೀಪುರದಲ್ಲಿ 50 ದಾಟಿದ ಹೆಂಗಸ್ರ ಬಾಯಲ್ಲೆಲ್ಲ ನಿದ್ದೆ ಬರಲ್ಲ ಅನ್ನೋದೇ ಮಾತು. ಚನ್ನರಾಯಪಟ್ಟಣದ ನಾದಿನಿ ಎಲ್-ಥಿಯನಿನ್ ಗುಳಿಗೆ ತರಿಸ್ಕಂಡವ್ಳೆ. ಅದು ಟೀ ಸೊಪ್ಪಲ್ಲಿರೋ ಅಮೈನೋ ಆಮ್ಲ ಕಣ್ರಮ್ಮ. ಜಪಾನಿನೋರು 1949ರಲ್ಲೇ ಕಂಡ್ಕಂಡಿದ್ದು. ಗುಳಿಗೆಗೆ 100, 200 ಮಿಲಿಗ್ರಾಂ ಇರ್ತದೆ. ಮನಸ್ಸು ಕೊಂಚ ಹಗುರಾಗ್ಬೋದು, ನಿದ್ದೆ ಮಾತ್ರೆ ಥರ ಕೆಡವಲ್ಲ.

ಆದ್ರೆ ನಾವು ಹಾಸನ ಸೀಮೆಯೋರು ಸಂಜೆ ಆರಕ್ಕೆ ಗಟ್ಟಿ ಡಿಕಾಕ್ಷನ್ ಕಾಫಿ ಕುಡೀತೀವಲ್ಲ, ಅದರ ಕೆಫೀನು ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು. ಮೊದ್ಲು ಆ ಲೋಟ ಬಿಟ್ಟು 15 ದಿನ ನೋಡಿ, ಆಮೇಲೆ ದುಡ್ಡು ಸುರೀರಿ. ಬಿಪಿ ಮಾತ್ರೆ ನುಂಗೋರಂತೂ ಡಾಕ್ಟ್ರನ್ನ ಕೇಳ್ದೆ ಮುಟ್ಬೇಡಿ, ಬಿಪಿ ಇನ್ನಷ್ಟು ಇಳಿಸ್ಬೋದು. ನಾದಿನೀನೂ ಬಿಪಿಯೋಳೇ. ಡಾಕ್ಟ್ರಿಗೆ ಹೇಳಿದ್ಯಾ ಅಂದ್ರೆ, "ಟೀ ಸೊಪ್ಪು ತಾನೆ ಅತ್ಗೆ" ಅಂತಾಳೆ.