ದೀಪವೂ ಅರಿವೂ

ನಾಡಿನ ಏಳಿಗೆಗೆ ಸಮರ್ಥ ನಾಯಕತ್ವ ಬೇಕು, ವಿಜ್ಞಾನ ಬೇಕು, ವಿದ್ಯೆ ಬೇಕು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇವುಗಳಲ್ಲಿ ವಿದ್ಯೆಯೊಂದು ಹಿಂದುಳಿದರೆ ಉಳಿದೆರಡರ ಫಲ ಜನರ ಕೈಗೆ ಪೂರ್ತಿಯಾಗಿ ಸೇರುವುದಿಲ್ಲ ಎಂಬುದನ್ನು ನೆನಪಿನಲ್ಲಿಡುವವರು ವಿರಳ. ಹಳೆಯ ಮೈಸೂರು ಸಂಸ್ಥಾನದ ಚರಿತ್ರೆ ಈ ಮಾತಿಗೆ ಉತ್ತಮ ನಿದರ್ಶನ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಶಿವನಸಮುದ್ರದ ಬಳಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆ ರೂಪುಗೊಂಡಿತು. 1902ರಲ್ಲಿ ಆ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಂದಿನ ಕಾಲಕ್ಕೆ ಅದೊಂದು ಮಹಾಸಾಹಸ. ಅಲ್ಲಿ ನಾಯಕತ್ವವಿತ್ತು, ವಿಜ್ಞಾನವೂ ಇತ್ತು. ಸಂಸ್ಥಾನದ ಬೊಕ್ಕಸಕ್ಕೆ ವರಮಾನವೂ ಬಂದಿತು. ಆದರೆ ಯಂತ್ರಗಳು ಬಂದುದು ಹೊರದೇಶಗಳಿಂದ. ಗಣಿಗಳನ್ನು ನಡೆಸುತ್ತಿದ್ದುದು ಇಂಗ್ಲೆಂಡಿನ ಕಂಪನಿಗಳು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು 1905ರಲ್ಲಿ. ಹಳ್ಳಿಗಳಾದರೋ ಇನ್ನೂ ಬಹುಕಾಲ ಎಣ್ಣೆಯ ದೀಪವನ್ನೇ ನಂಬಿದ್ದವು. ಎರವಲು ತಂದ ವಿಜ್ಞಾನ ದೀಪವನ್ನು ಹೊತ್ತಿಸಬಲ್ಲದು. ಆ ದೀಪವನ್ನು ಮನೆಮನೆಗೂ ಒಯ್ಯಬಲ್ಲ ಕೈಗಳನ್ನು ವಿದ್ಯೆಯೇ ಸಿದ್ಧಗೊಳಿಸಬೇಕು.

ಮುಂದಿನ ಹೆಜ್ಜೆಗಳು ಆ ದಿಕ್ಕಿನಲ್ಲಿಯೇ ಸಾಗಿದವು. ಜಮ್‌ಶೇಟ್‌ಜಿ ಟಾಟಾ ಅವರು ಕನಸು ಕಂಡಿದ್ದ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ನೀಡಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೂ ಆರಂಭವಾದವು.

ಅಣೆಕಟ್ಟು, ಕಾರ್ಖಾನೆಗಳು ಮೊದಲಾಗಲಿ, ಶಾಲೆಗಳು ಆಮೇಲಾಗಲಿ ಎಂದು ವಾದಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಹಸಿದವನಿಗೆ ಮೊದಲು ಅನ್ನ ಬೇಕೆಂಬ ಅವರ ಮಾತು ಸುಳ್ಳಲ್ಲ. ಆದರೆ ರಾಗಿ ಬಿತ್ತಿದವನು ಅದೇ ವರ್ಷ ತೆನೆ ಕೊಯ್ಯುತ್ತಾನೆ. ಹಲಸಿನ ಗಿಡ ನೆಟ್ಟವನು ಹಲವು ವರ್ಷ ಕಾಯಬೇಕು. ಹಾಗೆಂದು ಹಲಸನ್ನು ನೆಡದೆ ಬಿಟ್ಟರೆ ಮಕ್ಕಳಿಗೆ ಹಣ್ಣೂ ಇಲ್ಲ, ನೆರಳೂ ಇಲ್ಲ. ವಿಶ್ವೇಶ್ವರಯ್ಯನವರು 1918ರಲ್ಲಿಯೇ ದಿವಾನಗಿರಿಯನ್ನು ಬಿಟ್ಟರು. ಅವರು ಕಟ್ಟಿದ ವಿದ್ಯಾಸಂಸ್ಥೆಗಳು ಉಳಿದು ಬೆಳೆದವು.

ಆ ಬೆಳೆಯ ಫಲವನ್ನು ನಾಡು ಕಂಡಿದೆ. ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರು 1972ರಿಂದ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಹೊಣೆಯನ್ನೂ ಹೊತ್ತರು. ಬೆಂಗಳೂರಿನಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ರಲ್ಲಿ ಸೋವಿಯತ್ ರಾಕೆಟ್ಟಿನ ನೆರವಿನಿಂದ ಗಗನಕ್ಕೇರಿತು. 1980ರಲ್ಲಿ ಭಾರತವು ತನ್ನದೇ ರಾಕೆಟ್ಟಿನಿಂದ ಉಪಗ್ರಹವನ್ನು ಹಾರಿಸಿತು. 2023ರಲ್ಲಿ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಹೊರಗಿನ ಯಂತ್ರಗಳನ್ನು ನೆಚ್ಚಿದ್ದ ನಾಡಿನ ಮಕ್ಕಳು ಯಂತ್ರಗಳನ್ನು ತಾವೇ ನಿರ್ಮಿಸುವವರಾದರು.

ಆದುದರಿಂದ ನಾಯಕನನ್ನು ಅಳೆಯುವಾಗ ಅವನು ಉದ್ಘಾಟಿಸಿದ ಕಟ್ಟಡಗಳನ್ನು ಮಾತ್ರ ಎಣಿಸಿದರೆ ಸಾಲದು. ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಿದ್ದಾರೆಯೇ, ಮಕ್ಕಳು ಪ್ರಯೋಗಗಳನ್ನು ತಮ್ಮ ಕೈಯಾರೆ ಮಾಡಿ ನೋಡುತ್ತಿದ್ದಾರೆಯೇ ಎಂದು ವಿಚಾರಿಸಬೇಕು. ನಾಳಿನ ಪ್ರಜೆಗಳಾದ ಇಂದಿನ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳುವುದನ್ನು ಕಲಿತರೆ ನಾಡಿನ ಏಳಿಗೆ ದೂರವಿಲ್ಲ.